ಚೌಳು ಮಣ್ಣು, ಎರಡನೇ ಶನಿವಾರ

ಚೌಳು ಮಣ್ಣಿನಲ್ಲಿ ಏನೂ ಬೆಳೆಯುವುದಿಲ್ಲ. ಹತ್ತಿ, ಜೋಳ, ಕಡಲೆಯ ಮಾತು ಹಾಗಿರಲಿ, ಕುರಿ ಮೇಯುವ ಹುಲ್ಲೂ ಅಲ್ಲಿ ನೆಟ್ಟಗೆ ನಿಲ್ಲದು. ಹೊಲದಲ್ಲಿ ಚೌಳು ಎದ್ದಿತೆಂದರೆ ರೈತ ಹಣೆ ಚಚ್ಚಿಕೊಳ್ಳುತ್ತಾನೆ. ಆದರೆ ಅದೇ ಮಣ್ಣನ್ನು ಗಾಡಿಯಲ್ಲಿ ಹೇರಿ ತಂದು ಮಾಳಿಗೆಯ ಮೇಲೆ ಹರಡಿ ದಿಮ್ಮಸು ಬಡಿದರೆ ಮಳೆ ಕೆಳಗಿಳಿಯುವುದಿಲ್ಲ. ಸೋಡಿಯಂ ಹೆಚ್ಚಿರುವ ಜೇಡಿ ನೀರು ತಾಗಿದ ಕೂಡಲೇ ನುಣ್ಣಗೆ ಬಿಚ್ಚಿಕೊಂಡು, ಉಬ್ಬಿ, ತನ್ನ ಸಂದುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ ಎನ್ನುತ್ತಾರೆ ಮಣ್ಣು ಬಲ್ಲ ವಿಜ್ಞಾನಿಗಳು. ನಮ್ಮ ಮೇಸ್ತ್ರಿ ತಾತ ಇದನ್ನೇ ಬೇರೆ ಥರ ಹೇಳುತ್ತಾನೆ: "ಕೆಲ್ಸಕ್ಕೆ ಬಾರದೋನ್ನ ತಲಿ ಮ್ಯಾಲೆ ಕುಂದ್ರಿಸ್ಕಂಡ್ರೆ ಮಳೆಗಾದ್ರೂ ಅಡ್ಡ ಬರ್ತಾನಪ್ಪ." ಹೀಗೆ ಹೇಳುವಾಗ ಅವನು ನನ್ನನ್ನೇ ಯಾಕೆ ನೋಡುತ್ತಾನೋ, ನಾನು ಕೇಳಿಲ್ಲ.

ಆದೋನಿ, ಆಲೂರು, ಹೊಳಗುಂದ, ಕೌತಾಳಂ ಕಡೆಯ ಹಳೆಯ ಮನೆಗಳೆಲ್ಲ ಇಂಥ ಮಣ್ಣಿನ ಮಾಳಿಗೆಯವೇ. ಗೋಡೆಗೆ ಗುಡ್ಡದ ಕಲ್ಲು, ಕಲ್ಲಿನ ನಡುವೆ ಕೆಸರು. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಜೋಡಿಸಿದ ಸೀಳು ಕಟ್ಟಿಗೆ, ಗೆದ್ದಲು ಬಾರದಿರಲೆಂದು ಬೇವಿನ ಸೊಪ್ಪು, ಅದರ ಮೇಲೆ ಕೆಮ್ಮಣ್ಣು, ಎಲ್ಲಕ್ಕೂ ಮೇಲೆ ಚೌಳು. ನಮ್ಮ ಮನೆ ಊರ ಕೊನೆಯಲ್ಲಿ, ಗುಡ್ಡದ ಇಳಿಜಾರಿನಲ್ಲಿದೆ. ಎಷ್ಟು ಇಳಿಜಾರು ಎಂದರೆ ಮುಂಬಾಗಿಲಿಗೆ ಐದಾರು ಮೆಟ್ಟಿಲು ಹತ್ತಬೇಕು, ಹಿತ್ತಲಿನಿಂದ ಬಂದರೆ ನೇರವಾಗಿ ಮಾಳಿಗೆಗೇ ಕಾಲಿಡಬಹುದು. ಮೇಕೆಗಳಿಗೆ ಈ ದಾರಿ ಚೆನ್ನಾಗಿ ಗೊತ್ತು. ಹಿಂದಿನ ಗೋಡೆಯ ಅರ್ಧ ಭಾಗ ಕಟ್ಟಿದ್ದಲ್ಲ, ಮೊದಲಿನಿಂದ ಅಲ್ಲೇ ಇದ್ದ ಬಂಡೆ. ನನ್ನ ಸ್ವಂತ ತಾತ ಅದನ್ನು ಒಡೆಸುವ ಖರ್ಚು ಉಳಿಸಿ ಅದಕ್ಕೇ ಸುಣ್ಣ ಬಳಿಸಿದ್ದ.

ಸೋರುವ ಮಾಳಿಗೆ ಎಂದೊಡನೆ ಕನ್ನಡಿಗರು ಶಿಶುನಾಳದ ಕಡೆ ಮುಖ ಮಾಡುತ್ತಾರೆ. ಶರೀಫರ ಮಾಳಿಗೆಯಿಂದ ತತ್ವ ಸೋರಿತು. ನಮ್ಮದರಿಂದ ಸೋರುವುದು ಕೆಂಪು ನೀರು, ಅದೂ ಸರಿಯಾಗಿ ನನ್ನ ದಿಂಬಿನ ಮೇಲೆ.

ಮನೆಯ ಕಾಗದ ತಾತನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಮನೆಯಿರುವ ಜಾಗ 'ಬಳ್ಳಾರಿ ಜಿಲ್ಲಾ, ಆಲೂರು ತಾಲ್ಲೂಕು'. ಮದ್ರಾಸ್ ಪ್ರಾಂತ್ಯದ ಕಾಲ ಅದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಪಾಲು ಮಾಡಿದರು. ಏಳು ತಾಲ್ಲೂಕು ಮೈಸೂರಿಗೆ ಹೋದವು. ಆದೋನಿ, ಆಲೂರು, ರಾಯದುರ್ಗ ಹೊಸ ಆಂಧ್ರಕ್ಕೆ. ಬಳ್ಳಾರಿ ಯಾರಿಗೆ ಸೇರಬೇಕೆಂಬ ಜಗಳ ಜೋರಾಗಿದ್ದರಿಂದ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಬಂದು ವಿಚಾರಣೆ ನಡೆಸಿದರು. ನಮ್ಮೂರಿಗೆ ಬಂದು ಕೇಳಿದವರಿಲ್ಲ. 1956ರಲ್ಲಿ ಆಂಧ್ರಪ್ರದೇಶವಾಯಿತು, 2014ರಲ್ಲಿ ತೆಲಂಗಾಣ ಬೇರೆಯಾಯಿತು, 2022ರಲ್ಲಿ ಕರ್ನೂಲಿನಿಂದ ನಂದ್ಯಾಲ ಬೇರೆ ಮನೆ ಮಾಡಿತು. ಇಷ್ಟೆಲ್ಲ ಗಡಿ ಆಚೀಚೆ ಆದರೂ ನಮ್ಮ ದೇವರ ಗೂಡಿನ ಪಕ್ಕ ನೀರು ತೊಟ್ಟಿಕ್ಕುವ ಜಾಗ ಒಂದಿಂಚೂ ಕದಲಿಲ್ಲ. ಕರೆಂಟಿನ ಬಿಲ್ಲು ತೆಲುಗಿನಲ್ಲಿ ಬರುತ್ತದೆ. ಅವ್ವ ಅದನ್ನು ಕನ್ನಡದ ಬಿಲ್ಲೆಂದೇ ಭಾವಿಸಿ ಓದಿ, ಅಕ್ಷರ ಬರೆದವನ ಕೈಬರಹ ಸರಿಯಿಲ್ಲ ಎನ್ನುತ್ತಾಳೆ.

2009ರ ಹಸ್ತದ ಮಳೆಯಲ್ಲಿ ಹಿಂದಿನ ಒಂದು ಅಂಕಣ ಕುಸಿಯಿತು. ಆ ವರ್ಷ ಅಕ್ಟೋಬರ್ ಎರಡರಂದು ತುಂಗಭದ್ರೆ ಕರ್ನೂಲು ಪಟ್ಟಣವನ್ನೇ ಮುಳುಗಿಸಿದಳು, ಮಂತ್ರಾಲಯದಲ್ಲಿ ನೀರು ನುಗ್ಗಿತು. ನಮ್ಮ ಗುಡ್ಡಕ್ಕೆ ಹೊಳೆ ಬರುವಂತಿಲ್ಲ. ಆದರೆ ಬಿಡದೆ ಹೊಯ್ದ ಮಳೆಗೆ ಊರೂರಿನ ಮಣ್ಣಿನ ಮಾಳಿಗೆಗಳು ನೀರು ಕುಡಿದು ಭಾರವಾಗಿ ಕೂತವು. ಆಗ ಅಪ್ಪ ಬೀಗ ಹಾಕಿಕೊಂಡು ಬಳ್ಳಾರಿಗೆ ಬಂದವನು ಮತ್ತೆ ಆ ಬೀಗ ತೆಗೆಯಲಿಲ್ಲ. ಅವನು ಹೋದ ಮೇಲೆ ಬೀಗದ ಕೈ ಅವ್ವನ ಸೆರಗಿನ ಗಂಟಿಗೆ ಬಂತು. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಕೂತು ಅವಳು ಮಳೆ ಬಂದಾಗಲೆಲ್ಲ ಮೇಲೆ ನೋಡುತ್ತಿದ್ದಳು. ಮೇಲಿದ್ದದ್ದು ಮೂರನೇ ಮಹಡಿಯವರ ಮನೆ; ಸೋರುವ ಯೋಗ ಅದಕ್ಕಿರಲಿಲ್ಲ. "ಊರಾಗೆ ಈಗ ಸೋರ್ತಿರ್ತದೆ" ಎನ್ನುವಳು. ಕಡೆಗೆ ಈ ಮಾತು ತಾಳಲಾರದೆ ಮನೆ ರಿಪೇರಿಗೆ ಕೈ ಹಾಕಿದೆವು.

ಮಾಳಿಗೆ ಕೆಲಸ ಮಾಡಿಸಬೇಕಾದದ್ದು ಬೇಸಿಗೆಯಲ್ಲಿ, ಮುಂಗಾರಿಗೆ ಮುಂಚೆ. ಇದು ಊರಿನ ಮಕ್ಕಳಿಗೂ ಗೊತ್ತು. ಆದರೆ ಮೇ ತಿಂಗಳಲ್ಲಿ ಆದೋನಿ ಕಡೆಯ ಕಲ್ಲುಗುಡ್ಡದ ಬುಡದಲ್ಲಿ ನಿಂತು ಕೆಲಸ ಮಾಡಿಸುವ ಶಕ್ತಿ ಬ್ಯಾಂಕಿನ ಏಸಿಯಲ್ಲಿ ಕೂತು ಬೆಳೆದ ದೇಹಕ್ಕಿಲ್ಲ. ಅದಲ್ಲದೆ, ಎಲ್ಲಿ ಸೋರುತ್ತದೆಂದು ತಿಳಿಯುವುದು ಮಳೆ ಬಂದ ಮೇಲೆಯೇ ಅಲ್ಲವೇ? ನನ್ನ ಈ ವಾದವನ್ನು ಮೇಸ್ತ್ರಿ ತಾತ ಪೂರ್ತಿ ಕೇಳಿ, ಬೀಡಿ ಆರಿಸಿ, "ಜರ ಬಂದ ಮ್ಯಾಲೆ ಕೊಡೆ ಕೊಂಡಂಗೆ" ಎಂದ. ಹಾಗಾಗಿ ನಮ್ಮ ಕೆಲಸ ಹಸ್ತದಲ್ಲಿ ಶುರುವಾಗಿ, ಚಿತ್ತೆಯಲ್ಲಿ ನಿಂತು, ಸ್ವಾತಿಯಲ್ಲಿ ಮತ್ತೆ ಮೊದಲಾಗುತ್ತದೆ. ಮಹಾನವಮಿ, ಸೀಗಿ ಹುಣ್ಣಿಮೆ, ದೀಪಾವಳಿ ನಡುವೆ ಬಂದು ಹೋಗುತ್ತವೆ.

ಬ್ಯಾಂಕುಗಳಿಗೆ 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಪೂರ್ತಿ ರಜೆ. ನನ್ನ ಪಂಚಾಂಗ ಇಷ್ಟೇ. ಮೇಸ್ತ್ರಿ ತಾತನ ಪಂಚಾಂಗ ದೊಡ್ಡದು. ಅಮಾವಾಸ್ಯೆಗೆ ಅವನು ಕರಣೆ ಮುಟ್ಟುವುದಿಲ್ಲ. ಸೋಮವಾರ ಎತ್ತಿಗೆ ರಜೆ, ಎತ್ತಿಗಿದ್ದ ಮೇಲೆ ಎತ್ತಿನ ಯಜಮಾನನಿಗೂ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಹತ್ತಿ. ಆದೋನಿ ಹತ್ತಿಯ ಪೇಟೆ. ದಸರೆಯ ಸುಮಾರಿಗೆ ಮೊದಲ ಬಿಡಿಕೆ ಶುರುವಾದರೆ ರಸ್ತೆಯ ತುಂಬ ಹತ್ತಿ ಹೇರಿದ ಟ್ರ್ಯಾಕ್ಟರು, ರಸ್ತೆ ಬದಿಯ ಜಾಲಿ ಮುಳ್ಳಿಗೆಲ್ಲ ಬಿಳಿ ಜುಂಗು. ಬಿಡಿಸುವ ಕೂಲಿ ಕೆಜಿ ಲೆಕ್ಕದಲ್ಲಿ ಸಿಗುವಾಗ ನನ್ನ ಮಣ್ಣು ಹೊರಲು ಯಾರು ಬರುತ್ತಾರೆ? "ನಿಮ್ಮ ಮನಿ ಓಡಿ ಓಗಲ್ಲ, ಹತ್ತಿ ಓಗ್ತದೆ ಸಾರು" ಎಂದಳು ಕೂಲಿಯ ಹೆಣ್ಣುಮಗಳೊಬ್ಬಳು. ನಾನು ದಿನಗೂಲಿ ಏರಿಸಿದೆ, ಹತ್ತಿಯ ಹೊಲದವನೂ ಏರಿಸಿದ. ಕಡೆಗೆ ಪುಟ್ಟಿ ಹೊತ್ತವರು ನಾನು, ನನ್ನ ಹೆಂಡತಿ, ಮತ್ತು ಮಣ್ಣಿಗಿಂತ ಹೆಚ್ಚಾಗಿ ಮೊಬೈಲನ್ನು ಹೊತ್ತ ನಮ್ಮ ಮಗ.

ಮಗನಿಗೆ ಮಾಳಿಗೆಯನ್ನು ಪೂರ್ತಿ ಕಿತ್ತೆಸೆದು ಸ್ಲ್ಯಾಬ್ ಹಾಕಿಸುವ ಆಸೆ. ಅವನ ಲೆಕ್ಕ ಸ್ಪಷ್ಟ: ಒಮ್ಮೆ ಖರ್ಚು, ಆಮೇಲೆ ತಿರುಗಿ ನೋಡಬೇಕಿಲ್ಲ. ಹೆಂಡತಿಗೆ ಮಾಳಿಗೆಯ ಚಿಂತೆಯಿಲ್ಲ, ಕಮೋಡು ಇಲ್ಲದ ಮನೆಗೆ ಬರುವುದಿಲ್ಲ ಎಂಬುದೊಂದೇ ಕರಾರು. ಅದು ನ್ಯಾಯವಾದದ್ದು. ಗುಡ್ಡ ಹತ್ತಿ ಬಂಡೆಯ ಮರೆ ಹುಡುಕುವ ವಯಸ್ಸು ನನಗೂ ದಾಟಿದೆ, ಮರೆಗೆ ಹೋದರೆ ಅಲ್ಲಿ ಮೊದಲೇ ಚೇಳು ಕೂತಿರುತ್ತದೆ. ಹಿತ್ತಲಿನಲ್ಲಿ ಬಚ್ಚಲು, ಕಕ್ಕಸು ಎರಡಕ್ಕೂ ಸ್ಲ್ಯಾಬ್ ಹಾಕಿಸಿ, ನೆಲಕ್ಕೆ ಬೇತಂಚರ್ಲ ಬಂಡೆ ಹಾಸಿಸಿದೆವು. ಊರಿನವರು ಬಂದು ನೋಡಿ, ಇಡೀ ಮನೆಯಲ್ಲಿ ಗಟ್ಟಿಯಾಗಿರುವುದು ಇದೊಂದೇ ಎಂದು ಒಪ್ಪಿಕೊಂಡು ಹೋದರು.

ಉಳಿದ ಮನೆಗೆ ಮಣ್ಣೇ ಇರಲಿ ಎಂದವಳು ಅವ್ವ. ಮೇಸ್ತ್ರಿ ತಾತನಿಗೂ ಸ್ಲ್ಯಾಬ್ ಮೇಲೆ ಸಿಟ್ಟೇನಿಲ್ಲ. ಊರಿನ ಅರ್ಧ ಸ್ಲ್ಯಾಬು ಅವನೇ ಹಾಕಿದ್ದು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮನ್ಯಾಗ ಇರಾಕ ಮಾಡಸ್ತೀಯೋ, ಬೀಗ ಹಾಕಾಕೋ? ಬೀಗ ಹಾಕಾಕಾದ್ರೆ ಸ್ಲ್ಯಾಬ್ ಬೇಸು. ಮಣ್ಣಿನ ಮಾಳಿಗಿ ಮನುಷ್ಯರನ್ನ ಕೇಳ್ತದೆ." ಮಾತು ನಿಜ. ಮಳೆಯಾದ ಮೇಲೆ ಯಾರಾದರೂ ಮೇಲೆ ಹತ್ತಲೇಬೇಕು. ಇಲಿ ಎಲ್ಲಿ ತೂತು ಕೊರೆದಿದೆ, ನೀರು ಹೊರಕ್ಕೆ ಬೀಳುವ ಮರದ ದೋಣಿಯಲ್ಲಿ ಏನು ಸಿಕ್ಕಿಕೊಂಡಿದೆ, ಹುಲ್ಲು ಎಲ್ಲಿ ಹುಟ್ಟಿದೆ ಎಂದು ನೋಡಬೇಕು. ಚೌಳು ಇರುವಲ್ಲಿ ಹುಲ್ಲು ಬರದು. ಹುಲ್ಲು ಹಸಿರಾಗಿ ತಲೆ ಎತ್ತಿದೆಯೆಂದರೆ ಚೌಳು ತೊಳೆದುಹೋಗಿ ಕೆಮ್ಮಣ್ಣು ಬಯಲಾಗಿದೆ ಎಂದೇ ಅರ್ಥ. ನೋಡಲು ಚೆಂದ ಕಾಣುವ ಜಾಗವೇ ನಾಳೆ ಸೋರುವ ಜಾಗ. ಅಲ್ಲಿ ಹುಲ್ಲು ಕಿತ್ತು, ಒಂದು ಪುಟ್ಟಿ ಚೌಳು ಸುರಿದು, ನೀರು ಚಿಮುಕಿಸಿ, ಬರಿಗಾಲಲ್ಲಿ ತುಳಿಯಬೇಕು. ಶೂ ಹಾಕಿಕೊಂಡು ತುಳಿದರೆ ಆಗುವುದಿಲ್ಲವಂತೆ. ಇದಕ್ಕೆ ವಿಜ್ಞಾನ ಏನಿದೆಯೋ, ನನ್ನ ಅಂಗಾಲಿನ ಬಿರುಕಂತೂ ಚೌಳಿನ ಉಪ್ಪಿಗೆ ಉರಿದು ಒಪ್ಪಿಗೆ ಕೊಟ್ಟಿತು.

ನಡುಮನೆಯ ನೆಲ ಅಗೆಯುವಾಗ ಹಾರೆ 'ಡಬ್' ಎಂದಿತು. ಕೆಳಗೆ ಟೊಳ್ಳು. ಮೇಸ್ತ್ರಿ ತಾತ ಕೈ ಎತ್ತಿ ಎಲ್ಲರನ್ನೂ ಹಿಂದೆ ಸರಿಸಿದ. ಈ ಸೀಮೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು: ಇಲ್ಲಿಂದ ಪೂರ್ವಕ್ಕೆ ಜೊನ್ನಗಿರಿ, ತುಗ್ಗಲಿ ಕಡೆ ಮೊದಲ ಮಳೆ ಬಿದ್ದರೆ ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ವಜ್ರ ಹುಡುಕಲು ಹೋಗುತ್ತಾರೆ, ಒಮ್ಮೊಮ್ಮೆ ಯಾರಿಗೋ ಸಿಕ್ಕಿಯೂ ಬಿಡುತ್ತದೆ. ಇಂಥ ನಾಡಿನಲ್ಲಿ ನೆಲದಿಂದ 'ಡಬ್' ಎಂಬ ಸದ್ದು ಬಂದರೆ ಅದು ಗೋಡೆಯೊಳಗೆ ಉಳಿಯುವುದಿಲ್ಲ. ಅರ್ಧ ಗಂಟೆಯೊಳಗೆ ನಮ್ಮ ಪಡಸಾಲೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನಮ್ಮ ತಾತನನ್ನು ಜುಗ್ಗ ಎಂದು ಬೈದುಕೊಂಡು ತಿರುಗುತ್ತಿದ್ದವರೆಲ್ಲ, ಆತ ಎಂಥ ಮುಂದಾಲೋಚನೆಯ ಮನುಷ್ಯ ಎಂದು ಕೊಂಡಾಡತೊಡಗಿದರು. ದೂರದ ಸಂಬಂಧಿಯೊಬ್ಬರು ಇದ್ದಕ್ಕಿದ್ದಂತೆ ಹತ್ತಿರವಾದರು.

ಸಿಕ್ಕಿದ್ದು ಹಗೇವು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಬಾಯಿಯ ಬಂಡೆ ಸರಿಸಿ ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟೆವು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ದೀಪ ಆರಿದರೆ ಮನುಷ್ಯ ಇಳಿಯಬಾರದು. ಅವಸರಕ್ಕೆ ಇಳಿದು ಸತ್ತವರ ಕತೆ ಪ್ರತಿ ಊರಿನಲ್ಲೂ ಒಂದಿದೆ. ಕಂದೀಲು ಆರಲಿಲ್ಲ. ಬಗ್ಗಿ ನೋಡಿದರೆ ಕಪ್ಪಾದ ಹೊಟ್ಟು, ಮುರಿದ ಒಂದು ಮರದ ಸೇರು, ಅಷ್ಟೇ. ಪಡಸಾಲೆ ಎಷ್ಟು ಬೇಗ ತುಂಬಿತ್ತೋ ಅದಕ್ಕಿಂತ ಬೇಗ ಖಾಲಿಯಾಯಿತು, ತಾತ ಮತ್ತೆ ಜುಗ್ಗನಾದ. ಅವ್ವ ಮಾತ್ರ ಹಗೇವಿನ ಅಂಚಿಗೆ ಕೂತು, ಮದುವೆಯಾಗಿ ಬಂದ ವರ್ಷ ಇದರೊಳಗೆ ಇಳಿದು ಜೋಳ ತುಂಬಿಕೊಟ್ಟವನು ಅಪ್ಪ, ಮೇಲೆ ನಿಂತು ಬುಟ್ಟಿ ಎಳೆದವಳು ತಾನು, ಅತ್ತೆಯ ಕಣ್ಣು ತಪ್ಪಿಸಿ ಮಾತಾಡಲು ಇಡೀ ಮನೆಯಲ್ಲಿ ಸಿಗುತ್ತಿದ್ದ ಜಾಗ ಇದೊಂದೇ ಎಂದು ನಮ್ಮೆಲ್ಲರ ಮುಂದೆ ಹೇಳಿಬಿಟ್ಟಳು. ಬಂಡೆ ಹಾಸುವಾಗ ಹಗೇವಿನ ಬಾಯಿ ಮುಚ್ಚಿಸಬೇಕೆಂದಿದ್ದೆ. ಮುಚ್ಚಿಸಲಿಲ್ಲ. ಮೇಲೊಂದು ಮರದ ಹಲಗೆ ಹಾಕಿದ್ದೇವೆ. ರಾತ್ರಿ ಎದ್ದವರು ಅದನ್ನು ಎಡವುತ್ತಾರೆ.

ದಶಮಿಯ ರಾತ್ರಿ ಹೊಳಗುಂದದ ಹತ್ತಿರದ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ. ನಡುರಾತ್ರಿ ದೇವರ ಮದುವೆಯಾಗಿ, ಉತ್ಸವ ಮೂರ್ತಿಗಳು ಗುಡ್ಡ ಇಳಿಯುತ್ತವೆ. ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಒಂದು ಕಡೆ, ಸುತ್ತಿನ ಬೇರೆ ಊರಿನವರು ಇನ್ನೊಂದು ಕಡೆ. ಕೈಯಲ್ಲಿ ಪಂಜು, ಬಡಿಗೆ. ಪೊಲೀಸರು ಪ್ರತಿ ವರ್ಷ ಹಳ್ಳಿಹಳ್ಳಿಗೆ ಬಂದು ಬಡಿಗೆ ಬೇಡವೆಂದು ತಿಳಿಹೇಳುತ್ತಾರೆ. ಊರಿನವರು ಪ್ರತಿ ವರ್ಷ ತಲೆಯಾಡಿಸುತ್ತಾರೆ. ಆ ರಾತ್ರಿ ನಾವು ಮಾಳಿಗೆಯ ಮೇಲೆ ಕೂತಿದ್ದೆವು, ಬೆಳಕು ಕಂಡೀತೇನೋ ಎಂದು. ಕಂಡದ್ದು ಸಾಲಾಗಿ ಹೋಗುವ ಟೆಂಪೋಗಳು ಮಾತ್ರ. ಮುಂದಿನ ಸಲ ಬಂದಾಗ ಮೇಸ್ತ್ರಿ ತಾತನ ತಲೆಗೆ ಅರಿಶಿನ ಮೆತ್ತಿದ ಬಟ್ಟೆ. ಬನ್ನಿಯಲ್ಲಿ ಬಿದ್ದ ಪೆಟ್ಟಿಗೆ ಭಂಡಾರ ಹಚ್ಚಿದರೆ ಸಾಕೆಂಬುದು ನಂಬಿಕೆ.

"ಏನು ತಾತಾ, ಈ ವಯಸ್ಸಿಗೆ ಬಡಿಗೆಯೇನು?"

"ನಾ ಯಾಕೆ ಬಡಿಗಿ ಇಡೀಲಪ್ಪ? ಕಾರ್ಣಿಕ ಕೇಳಾಕ ನಿಂತಿದ್ದೆ. ಯಾವನೋ ಮೊಣಕೈ ತಾಗಿಸ್ದ."

ಮರುದಿನ ಬೆಳಗ್ಗೆ ಅಲ್ಲಿ ಕಾರ್ಣಿಕ ನುಡಿಯುತ್ತಾರೆ. ಆ ವರ್ಷದ ಹತ್ತಿಯ ಧಾರಣೆ, ಜೋಳದ ಧಾರಣೆ ಅದರಲ್ಲಿ ಬರುತ್ತದೆ. ಸಿಮೆಂಟಿನ ಧಾರಣೆ ಏನೆಂದು ಹೇಳಿದರು ಎಂದು ಕೇಳಿದೆ. ಸಿಮೆಂಟು ದೇವರ ಕೈಯಲ್ಲಿಲ್ಲ ಎಂದ. ಕೆಲಸ ಇಷ್ಟು ನಿಧಾನವಾದರೆ ಹೇಗೆ ಎಂದು ನಾನು ಗೊಣಗಿದ್ದಕ್ಕೆ ಅವನು ಆದೋನಿ ಕೋಟೆಯ ಕತೆ ತೆಗೆದ. ಟಿಪ್ಪು ಸುಲ್ತಾನ 1786ರಲ್ಲಿ ಆ ಕೋಟೆ ಹಿಡಿದು ಕೆಡವಿಸಿದ್ದು ನಿಜ. ವರ್ಷ ನನಗೆ ಪುಸ್ತಕದಿಂದ ಗೊತ್ತು, ಮೇಸ್ತ್ರಿಗೆ ಅವನ ಮುತ್ತಾತನ ಬಾಯಿಂದ ಗೊತ್ತು. "ಕೆಡವಾಕ ದಂಡು ಬಂದಿತ್ತು. ಕಟ್ಟಾಕ ನಾನೊಬ್ನೇ ಇದ್ದೀನಿ" ಎಂದು ಬೀಡಿ ಹಚ್ಚಿದ.

ಇದೆಲ್ಲ ರಿಪೇರಿಯ ಮಾತಾಯಿತು. ನಿಜ ಹೇಳಬೇಕೆಂದರೆ ಆ ವಾರಾಂತ್ಯಗಳಲ್ಲಿ ರಿಪೇರಿ ಆದದ್ದು ಕಡಿಮೆ. ಶನಿವಾರ ಹಗರಿ ದಾಟಿ, ಆಲೂರಿನಲ್ಲಿ ಗಾಡಿ ನಿಲ್ಲಿಸಿ ಉಗ್ಗಾಣಿ, ಮಿರ್ಚಿ ಬಜ್ಜಿ. ನೆನೆಸಿ ಹಿಂಡಿದ ಮಂಡಾಳಿಗೆ ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆ. ಕೊನೆಗೆ ಉದುರಿಸುವ ಪುಟಾಣಿ ಪುಡಿ ಒಂದು ಚಮಚ ಕಡಿಮೆಯಾದರೂ ಕೆಟ್ಟಿತು. ಬಿಸಿಯಲ್ಲೇ ತಿನ್ನಬೇಕು. ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಹೋಗಿ ತಿಂದರಾಯಿತು ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಕಾರಿನಿಂದ ಇಳಿಯುತ್ತೇನೆ. ಮನೆ ಮುಟ್ಟುವಷ್ಟರಲ್ಲಿ ಹನ್ನೊಂದು. ಕಸ ಗುಡಿಸಿ ಮುಗಿಯುವುದರೊಳಗೆ ಪಕ್ಕದ ಮನೆಯ ದೊಡ್ಡವ್ವ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ತರುತ್ತಾಳೆ. ತಿಂದ ಮೇಲೆ ಮಾಳಿಗೆಯ ಕೆಳಗಿನ ತಂಪಿಗೆ ಕಣ್ಣು ತಾನೇ ಮುಚ್ಚುತ್ತದೆ. ಎದ್ದಾಗ ಬಿಸಿಲು ಇಳಿದಿರುತ್ತದೆ. ಬೆಳೆ ಕಟಾವಾದ ಶೇಂಗಾ ಹೊಲದಿಂದ ಹಸಿ ಬಳ್ಳಿಯ ವಾಸನೆ, ಕಾಲುವೆ ಕಡೆಯಿಂದ ಸೊಳ್ಳೆ, ಗುಡ್ಡದಿಂದ ನವಿಲಿನ ಕೂಗು ಎಲ್ಲ ಒಟ್ಟಿಗೆ ಬರುತ್ತವೆ. ಹಗಲೆಲ್ಲ ಕಾದ ಬಂಡೆ, ಅಂದರೆ ನಮ್ಮ ಹಿಂಗೋಡೆ, ರಾತ್ರಿ ಒಂಬತ್ತರವರೆಗೂ ಬೆಚ್ಚಗಿರುತ್ತದೆ. ಅವ್ವ ಅದಕ್ಕೆ ಮೊಣಕಾಲು ತಾಗಿಸಿಕೊಂಡು ಕೂರುತ್ತಾಳೆ, ಬಳ್ಳಾರಿಯ ಮೂಳೆ ಡಾಕ್ಟರಿಗೆ ಇಂಥ ಯಂತ್ರವಿಲ್ಲ ಎನ್ನುತ್ತಾಳೆ. ಮಗ ಸಿಗ್ನಲ್ ಹುಡುಕುತ್ತ ಮಾಳಿಗೆಯ ಮೇಲೆ ತಿರುಗುತ್ತಾನೆ. ತಿರುಗಲಿ, ಚೌಳು ಗಟ್ಟಿಯಾಗುತ್ತದೆ.

ಅಪ್ಪ ಇದ್ದಾಗ ಈ ಬೀಗ ತೆಗೆಯಬಹುದಿತ್ತಲ್ಲ ಎಂದು ಆ ಹೊತ್ತಿನಲ್ಲಿ ಅನಿಸುತ್ತದೆ. ಅನಿಸಿದ್ದನ್ನು ಯಾರೂ ಆಡುವುದಿಲ್ಲ. ಅವ್ವ ಒಮ್ಮೆ ಅಂದದ್ದಿಷ್ಟೇ: "ಅವ್ರಿಗೆ ಬಿದ್ದ ಅಂಕಣ ನೋಡಾಕ ಆಗ್ತಿರಲಿಲ್ಲ, ಬಿಡು."

ದೀಪಾವಳಿ ದಾಟಿದರೆ ಊರು ಖಾಲಿಯಾಗಲು ಶುರು. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದದ ಹಳ್ಳಿಗಳಿಂದ ಜನ ಸಂಸಾರ ಸಮೇತ ಗುಂಟೂರು ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು ಹೋಗುತ್ತಾರೆ. 'ಸುಗ್ಗಿಗೆ ಹೋಗೋದು' ಎನ್ನುತ್ತಾರೆ ಅದನ್ನು. ನಮ್ಮ ಸಾಲಿನಲ್ಲಿ ಬೀಗಗಳು ಒಂದೊಂದಾಗಿ ಬಿದ್ದವು. ಪಾತ್ರೆ, ಜೋಳದ ಚೀಲ, ಕೋಳಿ, ಶಾಲೆ ಬಿಟ್ಟ ಮಕ್ಕಳು ಎಲ್ಲ ಲಾರಿ ಏರಿದವು. ದೊಡ್ಡವ್ವನೂ ಮಗ, ಸೊಸೆಯ ಜೊತೆ ಹೊರಟಳು. ಅವಳ ಮನೆಗೂ ನಮ್ಮ ಮನೆಗೂ ನಡುವಿನ ಗೋಡೆ ಒಂದೇ, ಮಾಳಿಗೆಯೂ ಒಂದಕ್ಕೊಂದು ಕೂಡಿಕೊಂಡದ್ದೇ. ಅಲ್ಲಿಗೆ ನನ್ನ ರಿಪೇರಿಯ ಲೆಕ್ಕ ತಲೆಕೆಳಗಾಯಿತು. ನಾನು ನನ್ನ ಮಾಳಿಗೆಗೆ ಎಷ್ಟೇ ಚೌಳು ಹಾಕಿದರೂ ಅವಳ ಮಾಳಿಗೆಯ ಹುಲ್ಲಿನ ಬುಡದಲ್ಲಿ ಇಳಿದ ನೀರು ನಡುಗೋಡೆಯೊಳಗೆ ಹರಿದು ನನ್ನ ದಿಂಬಿಗೇ ಬರುತ್ತಿತ್ತು. ಅಷ್ಟು ವರ್ಷ ದೇವರ ಗೂಡಿನ ಪಕ್ಕ ತೊಟ್ಟಿಕ್ಕಿದ್ದಕ್ಕೆ ಮದ್ರಾಸೂ ಕಾರಣವಲ್ಲ, ಮೈಸೂರೂ ಅಲ್ಲ. ಪಕ್ಕದ ಮನೆಯ ಇಳಿಜಾರು.

ಹಾಗಾಗಿ ಆ ಸಲ ನಾನು ಹುಲ್ಲು ಕಿತ್ತದ್ದು ಹೆಚ್ಚಾಗಿ ಅವರಿವರ ಮಾಳಿಗೆಯ ಮೇಲೆ. ನನ್ನದು, ದೊಡ್ಡವ್ವನದು, ಅವಳ ಆಚೆಯವರದು, ಅವರ ಆಚೆಯವರದು; ಎಲ್ಲಿ ನಿಲ್ಲಿಸಬೇಕೆಂದು ಮಾಳಿಗೆಯ ಮೇಲೆ ಗಡಿ ಕಲ್ಲು ನೆಟ್ಟಿಲ್ಲ. ಕೆಳಗಿನ ಓಣಿಯಲ್ಲಿ ಹೋಗುವವರು "ಏನ್ ಸಾರು, ಬ್ಯಾಂಕು ಬಿಟ್ಟು ಇದನ್ನ ಇಡುದ್ರಾ?" ಎಂದು ಕೇಳಿ, ಅವರ ಮಾಳಿಗೆಯ ಗುರುತನ್ನೂ ಹೇಳಿ ಹೋಗುತ್ತಿದ್ದರು. ಮಗ ವಿಡಿಯೋ ಮಾಡಿ ಗುಂಟೂರಿನಲ್ಲಿದ್ದ ದೊಡ್ಡವ್ವನ ಮಗನಿಗೆ ಕಳಿಸಿದ. ಸಂಜೆ ಅವಳದೇ ಫೋನು. ಹಿಂದೆ ಮೆಣಸಿನಕಾಯಿ ಘಾಟಿಗೆ ಯಾರೋ ಸೀನುತ್ತಿದ್ದರು.

"ತಮ್ಮಾ, ಮೂಲ್ಯಾಗಿನ ಹುಲ್ಲು ಬೇರು ಸಮೇತ ಬಂದಿಲ್ಲ. ವಿಡಿಯೋದಾಗ ಕಾಣ್ತದೆ."

"ಕೀಳ್ತೀನಿ ದೊಡ್ಡವ್ವ."

"ಮನಿ ಹಿಂದೆ ಚೌಳಿನ ಗುಡ್ಡೆ ಐತೆ, ಎರಡು ಪುಟ್ಟಿ ಹಾಕಿ ತುಳಿ. ನಿನ್ನ ಹೆಂಡ್ತಿಗೆ ಹೇಳು, ಆಕಿ ತುಳಿಯೋದು ನಿನಗಿಂತ ಬೇಸು. ಮುಂದಿನ ವಾರ ಬಂದು ಒಮ್ಮೆ ನೀರು ಹೊಡೆದು ನೋಡು."

"ಮುಂದಿನ ವಾರ ಆಗೋದಿಲ್ಲ ದೊಡ್ಡವ್ವ. ಮೂರನೇ ಶನಿವಾರ, ಬ್ಯಾಂಕಿಗೆ ರಜೆ ಇಲ್ಲ."

ಆಚೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಜವಾಗಿಯೂ ಅರ್ಥವಾಗದವಳ ದನಿಯಲ್ಲಿ ಕೇಳಿದಳು: "ಯಾಕ, ಮೂರನೇ ಶನಿವಾರ ನಿಮ್ಮ ಬ್ಯಾಂಕಿನ ಮಾಳಿಗಿ ಸೋರಂಗಿಲ್ಲೇನು?"